ಮೂರು ಕತ್ತಿ ಮೂವತ್ತಮೂರು ಸೆಕೆಂಡಿನಲ್ಲಿ ಮುರಿದದ್ದು ಹೇಗೆ

ಪಿಎಸ್ ವೀಟಾ ಎಂಬ ಗೇಮ್ ಯಂತ್ರದ ‘ಮುರಾಮಸ ರೀಬರ್ತ್’ ಆಟದಲ್ಲಿ ಹೊಸಬರು ಸಾಯುವುದು ಹೆಚ್ಚಾಗಿ ದೊಡ್ಡ ರಾಕ್ಷಸರ ಕೈಯಲ್ಲಲ್ಲ. ದಾರಿ ನಡುವೆ ಸುತ್ತುವರಿಯುವ ನಿಂಜಾ ಗುಂಪಿನ ಕೈಯಲ್ಲಿ. ಇಲ್ಲಿ ಎತ್ತಿಕೊಂಡಿರುವುದು ಅಂಥದ್ದೇ ಒಂದು ಪ್ರಕರಣ. ಪಾತ್ರ ಕಿಸುಕೆ, ಕಠಿಣ ಮಟ್ಟವಾದ ‘ಶುರಾ’, ಎದುರಿಗೆ ಐದು ನಿಂಜಾಗಳು, ಸೊಂಟದಲ್ಲಿ ಮೂರು ಕತ್ತಿ. ಜೀವ ಪೂರ್ತಿ ಇದೆ, ಚೀಲದಲ್ಲಿ ಊಟವಿದೆ, ಕತ್ತಿಗಳು ಆ ಹಂತಕ್ಕೆ ಸಾಕಷ್ಟು ಹರಿತವಾಗಿವೆ. ಆದರೂ ಅರೆ ನಿಮಿಷ ದಾಟುವಷ್ಟರಲ್ಲಿ ಮೂರೂ ಮುರಿದು ಕಿಸುಕೆ ನೆಲಕ್ಕೆ ಬೀಳುತ್ತಾನೆ. ಮತ್ತೆ ಆಡಿದರೂ ಅದೇ ಕಥೆ. ‘ಲೆವೆಲ್ ಏರಿಸಿಕೊಂಡು ಬಾ’ ಅನ್ನುವುದು ಇದಕ್ಕೆ ಎಲ್ಲರೂ ಕೊಡುವ ಸಲಹೆ. ಅದು ಕಾಯಿಲೆ ಬಿಟ್ಟು ಜ್ವರಕ್ಕೆ ಮಾತ್ರೆ ಕೊಟ್ಟ ಹಾಗೆ.

ಆಟದ ಹಿನ್ನೆಲೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದನ್ನು ಮಾಡಿದ್ದು ಜಪಾನಿನ ವ್ಯಾನಿಲಾವೇರ್ ಸ್ಟುಡಿಯೊ, ನಿರ್ದೇಶಕ ಜಾರ್ಜ್ ಕಮಿತಾನಿ. ಮೊದಲು 2009ರಲ್ಲಿ ನಿಂಟೆಂಡೊ ವೀ ಎಂಬ ಗೇಮ್ ಯಂತ್ರಕ್ಕೆ ಬಂತು. 2013ರಲ್ಲಿ ಕೈಯಲ್ಲಿ ಹಿಡಿದು ಆಡುವ ವೀಟಾಗೆ. ಕಾಲ ಗೆನ್ರೊಕು, ಅಂದರೆ 1688ರಿಂದ 1704ರ ನಡುವಿನದು. ಶೋಗುನ್, ಅಂದರೆ ಸೇನಾಡಳಿತಗಾರನ ಪಟ್ಟದಲ್ಲಿ ತೊಕುಗಾವಾ ತ್ಸುನಯೋಶಿ. ಆಡಲು ಇಬ್ಬರು ಸಿಗುತ್ತಾರೆ. ಒಬ್ಬಳು ಮೊಮೊಹಿಮೆ ಎಂಬ ರಾಜಕುಮಾರಿ, ಅವಳ ಮೈಮೇಲೆ ಜಿಂಕುರೋ ಎಂಬ ದುಷ್ಟ ಕತ್ತಿವರಸೆಗಾರನ ಆತ್ಮ ಬಂದು ಕೂತಿದೆ. ಇನ್ನೊಬ್ಬ ಕಿಸುಕೆ, ನೆನಪು ಕಳೆದುಕೊಂಡು ತಲೆಮರೆಸಿಕೊಂಡಿರುವ ನಿಂಜಾ. ಬಾಕಿಯೆಲ್ಲ ಕೈಯಲ್ಲಿ ಬರೆದ ಚಿತ್ರದಂಥ ಕಾಡು, ಭತ್ತದ ಗದ್ದೆ, ಅಲೆ, ಮಂಜು, ಅವುಗಳೊಳಗಿಂದ ಎದ್ದುಬರುವ ಓನಿ, ತೆಂಗು, ಕಪ್ಪ ಮುಂತಾದ ಯೋಕಾಯಿಗಳು, ಅಂದರೆ ಜಪಾನಿನ ಜನಪದ ಭೂತಗಳು. ಅಲ್ಲಿನ ‘ತೆಂಗು’ ಉದ್ದ ಮೂಗಿನ ಬೆಟ್ಟದ ಭೂತ. ನಮ್ಮ ಮರಕ್ಕೂ ಅದಕ್ಕೂ ಸಂಬಂಧವಿಲ್ಲ.

ಕತ್ತಿಗೂ ಒಂದು ಜೀವಪಟ್ಟಿ

ಈ ಆಟದಲ್ಲಿ ಆಟಗಾರನಿಗೆ ಎಷ್ಟು ಜೀವ ಉಳಿದಿದೆ ಎಂದು ತೋರಿಸುವ ಜೀವಪಟ್ಟಿ ಇರುವಂತೆ ಪ್ರತಿ ಕತ್ತಿಗೂ ಒಂದು ಪಟ್ಟಿ ಇದೆ. ಅದನ್ನು ಇಲ್ಲಿ ‘ಕಸುವು’ ಅನ್ನೋಣ. ಎರಡು ಕೆಲಸ ಕಸುವನ್ನು ತಿನ್ನುತ್ತವೆ. ಒಂದು, ಏಟು ತಡೆಯುವುದು. ದಾಳಿಯ ಗುಂಡಿಯನ್ನೇ ಒತ್ತಿ ಹಿಡಿದರೆ ಕತ್ತಿ ಅಡ್ಡ ಬರುತ್ತದೆ. ತಡೆದ ಪ್ರತಿ ಏಟಿಗೂ ಪಟ್ಟಿ ಇಳಿಯುತ್ತದೆ. ಇನ್ನೊಂದು, ಗುಪ್ತವಿದ್ಯೆ. ಪ್ರತಿ ಕತ್ತಿಗೂ ಅದರದೇ ಒಂದು ವಿಶೇಷ ದಾಳಿ ಇದೆ, ಅದನ್ನು ಬಳಸಿದಾಗೆಲ್ಲ ದೊಡ್ಡ ತುಂಡು ಹೋಗುತ್ತದೆ. ಪಟ್ಟಿ ಸೊನ್ನೆಗೆ ಬಂದರೆ ಠಣ್ ಎಂಬ ಸದ್ದಿನೊಡನೆ ಕತ್ತಿ ಮುರಿಯುತ್ತದೆ. ಮುರಿದ ಕತ್ತಿಯಿಂದ ಬೀಸಬಹುದು, ಏಟು ತಾಗುವುದು ಹೆಸರಿಗಷ್ಟೇ. ತಡೆಯಲಂತೂ ಆಗದು.

ಕಸುವು ಮರಳುವ ಜಾಗ ಒಂದೇ: ಒರೆ. ಕೈಯಲ್ಲಿರುವ ಕತ್ತಿ ಚೇತರಿಸಿಕೊಳ್ಳುವುದಿಲ್ಲ. ಒರೆಯಲ್ಲಿರುವ ಎರಡೂ ನಿಧಾನಕ್ಕೆ ತುಂಬಿಕೊಳ್ಳುತ್ತಿರುತ್ತವೆ. ಅರ್ಧ ಇಳಿದ ಕತ್ತಿಯನ್ನು ಒರೆಗೆ ಹಾಕಿ ಯಾವಾಗ ಬೇಕಾದರೂ ಹೊರಗೆಳೆಯಬಹುದು. ಒಮ್ಮೆ ಮುರಿದದ್ದಾದರೆ ಪೂರ್ತಿ ತುಂಬುವ ತನಕ ಮುರಿದದ್ದೇ. ಇಡೀ ಪ್ರಕರಣದ ಬೀಗದ ಕೈ ಈ ವ್ಯತ್ಯಾಸದಲ್ಲಿದೆ. ಸಾಣೆಕಲ್ಲು ಎಂಬ ಸಾಮಗ್ರಿಯಿಂದ ಕಸುವನ್ನು ತಕ್ಷಣ ಮರಳಿಸಿಕೊಳ್ಳಬಹುದು, ಆದರೆ ಪ್ರತಿ ಜಗಳಕ್ಕೂ ಸಾಣೆಕಲ್ಲು ಉಜ್ಜುತ್ತಾ ಹೋದರೆ ಅಂಗಡಿಯವನು ಮಾತ್ರ ಉದ್ಧಾರವಾಗುತ್ತಾನೆ.

ಸೆಕೆಂಡು ಸೆಕೆಂಡಾಗಿ

ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ಇವು ಆಟದ ಒಳಗಿನ ಅಂಕಿಗಳಲ್ಲ, ಪರದೆಯಲ್ಲಿ ಕಾಣುವ ಪಟ್ಟಿಯನ್ನು ಅಳೆಯಲು ಇಟ್ಟುಕೊಂಡ ಅಳತೆಗೋಲು. ಪ್ರತಿ ಕತ್ತಿಯ ಕಸುವು 100. ಹಾರಿಬಂದ ಕುನೈ ಚೂರಿ ತಡೆದರೆ 7 ಇಳಿಯುತ್ತದೆ, ನೇರ ಕತ್ತಿಯೇಟು ತಡೆದರೆ 20, ಗುಪ್ತವಿದ್ಯೆಗೆ 30. ಒರೆಯಲ್ಲಿ ಸೆಕೆಂಡಿಗೆ 4ರಂತೆ ಏರುತ್ತದೆ. ದೊಡ್ಡ ಏಟು ಹೆಚ್ಚು ಕಸಿಯುತ್ತದೆ, ಚಿಕ್ಕದು ಕಡಿಮೆ ಎಂಬ ಅನುಪಾತ ಮುಖ್ಯ.

ಜಗಳ ಶುರುವಾದೊಡನೆ ಆಟಗಾರ ಮೊದಲ ಕತ್ತಿಯಲ್ಲಿ ಎರಡು ಗುಪ್ತವಿದ್ಯೆ ಹೊಡೆಯುತ್ತಾನೆ. ಇಬ್ಬರು ನಿಂಜಾಗಳಿಗೆ ತಾಗುತ್ತದೆ, ಸಾಯುವುದಿಲ್ಲ. 60 ಹೋಯಿತು. ಮಿಕ್ಕ ಮೂವರು ಎರಡೂ ಬದಿಯಿಂದ ಕುನೈ ಎಸೆಯುತ್ತಾರೆ. ಗುಂಡಿ ಒತ್ತಿಹಿಡಿದು ಐದನ್ನು ತಡೆಯುತ್ತಾನೆ, 35 ಹೋಯಿತು. ಉಳಿದದ್ದು 5. ಆರನೆಯದಾಗಿ ಹತ್ತಿರ ಬಂದವನ ಕತ್ತಿಯೇಟು ಬೀಳುತ್ತದೆ. ಹನ್ನೆರಡನೆಯ ಸೆಕೆಂಡಿಗೆ ಮೊದಲ ಕತ್ತಿ ಠಣ್.

ಎರಡನೆಯದನ್ನು ಎಳೆಯುತ್ತಾನೆ. ಈಗ ಗಾಬರಿ ಹೊಕ್ಕಿದೆ. ಪರದೆಯ ನಟ್ಟನಡುವೆ ನಿಂತು ಗುಂಡಿ ಬಿಡದೆ ಹಿಡಿದುಕೊಳ್ಳುತ್ತಾನೆ. ಆರು ಕುನೈಗೆ 42, ಮೂರು ಕತ್ತಿಯೇಟಿಗೆ 60. ಇಪ್ಪತ್ತೆರಡನೆಯ ಸೆಕೆಂಡಿಗೆ ಅದೂ ಠಣ್. ಈ ಹತ್ತು ಸೆಕೆಂಡಿನಲ್ಲಿ ಅವನು ಎದುರಾಳಿಗೆ ಕೊಟ್ಟ ಏಟು ಸೊನ್ನೆ ಅನ್ನುವುದನ್ನು ಗಮನಿಸಬೇಕು.

ಮೂರನೆಯದು ಓದಾಚಿ, ಉದ್ದನೆಯ ಭಾರದ ಕತ್ತಿ. ಏಟು ಜೋರು, ಬೀಸು ನಿಧಾನ. ಬೀಸಲು ಹೋದಾಗೆಲ್ಲ ನಡುವೆಯೇ ತಡೆಯಬೇಕಾಗುತ್ತದೆ. ಒಂದು ಗುಪ್ತವಿದ್ಯೆಗೆ 30, ಮೂರು ಕುನೈಗೆ 21, ಮೂರು ಏಟಿಗೆ 60. ಮೂವತ್ತಮೂರನೆಯ ಸೆಕೆಂಡಿಗೆ ಮೂರೂ ಖಾಲಿ.

ಇಲ್ಲಿಯವರೆಗೂ ಬದುಕುವ ದಾರಿ ಇತ್ತು. ಹನ್ನೆರಡನೆಯ ಸೆಕೆಂಡಿಗೆ ಮುರಿದ ಮೊದಲ ಕತ್ತಿ ಇಪ್ಪತ್ತೊಂದು ಸೆಕೆಂಡು ಒರೆಯಲ್ಲಿದ್ದು 84ಕ್ಕೆ ಏರಿದೆ. ಇನ್ನು ನಾಲ್ಕೇ ಸೆಕೆಂಡು ತಪ್ಪಿಸಿಕೊಂಡು ಓಡಾಡಿದ್ದರೆ ಅದು ಪೂರ್ತಿ ಆಗುತ್ತಿತ್ತು. ಆದರೆ ಮುರಿದ ಓದಾಚಿ ಕೈಯಲ್ಲಿ ಕಂಡ ಗಾಬರಿಗೆ ಆಟಗಾರ ಮುಂದಿನ ಸೆಕೆಂಡಿಗೇ ಬದಲಾವಣೆಯ ಗುಂಡಿ ಒತ್ತುತ್ತಾನೆ. 88ರಲ್ಲಿದ್ದ ಮೊದಲ ಕತ್ತಿ ಕೈಗೆ ಬರುತ್ತದೆ, ಇನ್ನೂ ಮುರಿದೇ ಇದೆ. ಕೈಗೆ ಬಂದದ್ದರಿಂದ ಅದರ ಚೇತರಿಕೆಯೂ ಅಲ್ಲಿಗೇ ನಿಂತಿತು. ಎರಡನೆಯದು 48ರಲ್ಲಿದೆ, ತುಂಬಲು ಇನ್ನೂ ಹದಿಮೂರು ಸೆಕೆಂಡು ಬೇಕು. ಶುರಾ ಮಟ್ಟದಲ್ಲಿ ಐವರ ನಡುವೆ ಅಡ್ಡ ಹಿಡಿಯಲು ಏನೂ ಇಲ್ಲದೆ ಹದಿಮೂರು ಸೆಕೆಂಡು ಯಾರೂ ಉಳಿಯುವುದಿಲ್ಲ.

ಚೀಲದಲ್ಲಿದ್ದ ಅನ್ನದ ಉಂಡೆಯಾದರೂ ಕಾಪಾಡಬೇಕಿತ್ತು. ತಿನ್ನಲಾಗಲಿಲ್ಲ. ಏಕೆಂದರೆ ಹೊಟ್ಟೆ ತುಂಬಿತ್ತು! ಈ ಆಟದಲ್ಲಿ ಹೊಟ್ಟೆಗೂ ಒಂದು ಪಟ್ಟಿ ಇದೆ. ತಿಂದಾಗ ಏರುತ್ತದೆ, ಹೊತ್ತು ಕಳೆದಂತೆ ಇಳಿಯುತ್ತದೆ, ತುಂಬಿದ್ದಾಗ ತುತ್ತು ಒಳಗೆ ಹೋಗದು. ಜಗಳಕ್ಕೆ ಸ್ವಲ್ಪ ಮುಂಚೆ ದಾರಿಬದಿಯ ಅಂಗಡಿಯಲ್ಲಿ ಕೂತು, ಜೀವ ಪೂರ್ತಿ ಇದ್ದರೂ ಚಿತ್ರ ಚೆನ್ನಾಗಿದೆ ಎಂದು ಒಂದು ಬಟ್ಟಲು ಸೋಬಾ ಎಂಬ ಶಾವಿಗೆಯೂಟ ಮುಗಿಸಿದ್ದ. ತಪ್ಪೆಂದು ಬೈಯುವುದೂ ಕಷ್ಟ. ಹಬೆಯಾಡುವ ಬಟ್ಟಲು ಒಂದೊಂದು ತುತ್ತಿಗೂ ಖಾಲಿಯಾಗುತ್ತಾ ಹೋಗುವುದನ್ನು ಅಷ್ಟು ಚೆಂದ ಬರೆದ ಆಟ ಬೇರೊಂದು ಸಿಗುವುದು ಅಪರೂಪ.

ತಪ್ಪು ಎಲ್ಲಿ

ಮೇಲುನೋಟಕ್ಕೆ ‘ಹೆಚ್ಚು ತಡೆದ, ಅದಕ್ಕೇ ಮುರಿಯಿತು’ ಅನ್ನಿಸುತ್ತದೆ. ಅದು ಅರ್ಧ ಮಾತು. ನಿಜವಾದ ನಷ್ಟ ಮೊದಲ ಹನ್ನೆರಡು ಸೆಕೆಂಡಿನಲ್ಲೇ ಆಗಿಹೋಗಿದೆ, ಅದೂ ಬಳಸದ ಕತ್ತಿಗಳಲ್ಲಿ. ಆ ಹೊತ್ತಿನಲ್ಲಿ ಒರೆಯಲ್ಲಿದ್ದ ಎರಡೂ ಕತ್ತಿ ತುಂಬಿ ನಿಂತಿದ್ದವು. ಸೆಕೆಂಡಿಗೆ 4ರಂತೆ ಎರಡು ಕತ್ತಿಗೆ, ಹನ್ನೆರಡು ಸೆಕೆಂಡಿಗೆ 96. ಆಮೇಲಿನ ಹತ್ತು ಸೆಕೆಂಡು ಓದಾಚಿ ಸುಮ್ಮನೆ ತುಂಬಿ ಕೂತಿತ್ತು, ಇನ್ನೊಂದು 40. ಒಟ್ಟು 136. ಅಂದರೆ ಒಂದೂಕಾಲು ಕತ್ತಿಗೂ ಹೆಚ್ಚಿನ ಕಸುವು ಆಟವೇ ಕೊಡಲು ಬಂದದ್ದು, ಹಿಡಿದಿಡಲು ಜಾಗವಿಲ್ಲದೆ ಹರಿದುಹೋಯಿತು. ತುಂಬಿದ ಕೊಡದ ಮೇಲೆ ನಲ್ಲಿ ಬಿಟ್ಟ ಹಾಗೆ.

‘ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು’ ಎಂದು ನಮ್ಮಲ್ಲಿ ಮಾತಿದೆ. ಈ ಆಟದ ಮಟ್ಟಿಗೆ ಹೇಳಬೇಕಾದರೆ, ತುಂಬಿದ ಕತ್ತಿ ಒರೆಯಲ್ಲಿ ಇರಲೇಬಾರದು. ಮೂರು ಕತ್ತಿಗಳನ್ನು ‘ಈಗಿನದು, ಆಮೇಲಿನದು, ಕೊನೆಗೆ ಆಪತ್ತಿಗೆ’ ಎಂದು ಸಾಲಾಗಿ ಎಣಿಸುವುದು ಬೇರೆ ಆಟಗಳಿಂದ ಬಂದ ಚಾಳಿ. ಇಲ್ಲಿ ಮೂರೂ ಸುತ್ತಬೇಕು, ಬಾವಿಯ ರಾಟೆಯ ಹಾಗೆ.

ಎರಡನೆಯ ಸಲ

ನಿಯಮ ಒಂದೇ: ಪಟ್ಟಿ 40ಕ್ಕೆ ಬಂದರೆ ಬದಲಿಸು. ಅಂದಾಜಿಗೆ ಐದರಲ್ಲಿ ಎರಡು ಪಾಲು ಉಳಿದಿರುವಾಗ. ಲೆಕ್ಕ ಹೀಗೆ ಬರುತ್ತದೆ. ಪ್ರತಿ ಕತ್ತಿ ಎಂಟು ಸೆಕೆಂಡು ಕೈಯಲ್ಲಿದ್ದು 60 ಕಸುವು ಖರ್ಚು ಮಾಡಲಿ. ಮಿಕ್ಕ ಎರಡರ ಸರದಿ ಮುಗಿಯುವಷ್ಟರಲ್ಲಿ ಅದಕ್ಕೆ ಹದಿನಾರು ಸೆಕೆಂಡು ವಿಶ್ರಾಂತಿ ಸಿಗುತ್ತದೆ, 64 ಮರಳುತ್ತದೆ. ಖರ್ಚಿಗಿಂತ ಆದಾಯ ನಾಲ್ಕು ಹೆಚ್ಚು. ಈ ಲಯ ಹಿಡಿದರೆ ಜಗಳ ಎಷ್ಟು ಹೊತ್ತು ನಡೆದರೂ ಕತ್ತಿ ಮುರಿಯುವ ಪ್ರಶ್ನೆಯೇ ಇಲ್ಲ.

ಎಂಟು ಸೆಕೆಂಡಿಗೆ 60ರಲ್ಲೇ ಮುಗಿಸುವುದು ಹೇಗೆ? ಒಂದು ಸರದಿಗೆ ಒಂದೇ ಗುಪ್ತವಿದ್ಯೆ, 30. ತಡೆಯಲೇಬೇಕಾದ ಒಂದು ಕತ್ತಿಯೇಟಿಗೆ 20, ಒಂದು ಕುನೈಗೆ 7. ಒಟ್ಟು 57. ಮಿಕ್ಕ ಕುನೈಗಳನ್ನು ತಡೆಯಬಾರದು, ಕಡಿಯಬೇಕು. ಹಾರಿಬರುವ ಚೂರಿಗೆ ಸರಿಯಾದ ಹೊತ್ತಿಗೆ ಬೀಸಿದರೆ ಅದು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ, ಎಸೆದವನಿಗೇ ತಾಗುತ್ತದೆ. ಹೊಸಬರು ಇದನ್ನು ನೋಡಿಯೂ ಕಲಿಯದಿರಲು ಕಾರಣ ಗುಂಡಿ: ತಡೆಯುವುದೂ ಬೀಸುವುದೂ ಒಂದೇ ಗುಂಡಿ. ಒತ್ತಿಹಿಡಿದರೆ ಗೋಡೆ, ತಟ್ಟಿದರೆ ಏಟು. ಹೆದರಿದ ಬೆರಳು ಒತ್ತಿಹಿಡಿಯುತ್ತದೆ. ಬೆರಳಿನ ಈ ಹೆದರಿಕೆ ಬಿಡಿಸುವುದೇ ಅರ್ಧ ಅಭ್ಯಾಸ. ಆಟದ ಆರಂಭದ ಕಾಡಿಗೆ ಹಿಂದಿರುಗಿ, ಬಲಹೀನ ನಿಂಜಾಗಳ ಎದುರು ಏನನ್ನೂ ತಡೆಯದೆ, ಬರುವ ಚೂರಿಗಳನ್ನಷ್ಟೇ ಕಡಿಯುತ್ತಾ ಹತ್ತು ನಿಮಿಷ ಕಳೆದರೆ ಸಾಕು.

ನಿಲ್ಲುವ ಜಾಗವೂ ಬದಲಾಗಬೇಕು. ನಡುವೆ ನಿಂತರೆ ಎರಡೂ ಬದಿಯಿಂದ ಏಟು. ಜಗಳದ ಅಂಗಳದ ಒಂದು ಅಂಚಿಗೆ ಸರಿದರೆ ಎಲ್ಲರೂ ಒಂದೇ ಕಡೆಯಿಂದ ಬರಬೇಕಾಗುತ್ತದೆ. ಮೊದಲು ಬಂದವನನ್ನು ಮೇಲ್ಮುಖದ ಏಟಿನಿಂದ ಎತ್ತಿ, ಹಿಂದೆಯೇ ಹಾರಿ, ಗಾಳಿಯಲ್ಲೇ ಸರಣಿ ಏಟು ಕೊಟ್ಟು ಮುಗಿಸಬೇಕು. ನೆಲದ ಮೇಲಿನ ನಾಲ್ವರು ಆ ಹೊತ್ತಿಗೆ ಕೆಳಗೇ ಇರುತ್ತಾರೆ.

ಇನ್ನೊಂದು ಬಹುಮಾನ ತಾನಾಗಿ ಬರುತ್ತದೆ. ಒರೆಯಲ್ಲಿ ಕೂತ ಕತ್ತಿ ಸಿದ್ಧವಾದಾಗ ಮಿನುಗಿ ಸೂಚನೆ ಕೊಡುತ್ತದೆ. ಆ ಗಳಿಗೆಯಲ್ಲಿ ಬದಲಿಸಿದರೆ ಒರೆಯಿಂದ ಎಳೆಯುವ ಎಳೆತವೇ ಮಿಂಚಾಗಿ, ಪರದೆಯಲ್ಲಿರುವ ಎಲ್ಲರಿಗೂ ಒಮ್ಮೆಗೇ ತಾಗುತ್ತದೆ. ಜಪಾನಿನ ಇಐ ಕಲೆ, ಅಂದರೆ ಒರೆಯಿಂದ ಎಳೆಯುವ ಚಲನೆಯಲ್ಲೇ ಕಡಿಯುವ ವಿದ್ಯೆ, ಇದರ ಹಿಂದಿರುವುದು ಸ್ಪಷ್ಟ. ಮುರಿದ ಮೇಲೆ ಬದಲಿಸುವವನಿಗೆ ಈ ಏಟು ಎರಡು ಸಲ ಸಿಕ್ಕರೆ ಹೆಚ್ಚು. ಎಂಟು ಸೆಕೆಂಡಿಗೊಮ್ಮೆ ಸುತ್ತುವವನಿಗೆ ಅದು ದಿನಗೂಲಿಯ ಹಾಗೆ ತಪ್ಪದೆ ಬರುತ್ತದೆ. ಐದು ನಿಂಜಾಗಳಲ್ಲಿ ಕೊನೆಯ ಇಬ್ಬರು ಹೆಚ್ಚಾಗಿ ಈ ಮಿಂಚಿಗೇ ಬೀಳುತ್ತಾರೆ.

ಇಷ್ಟೆಲ್ಲ ಮಾಡಿಯೂ ಮೂರೂ ಮುರಿದರೆ? ಆಗ ಬದಲಾವಣೆಯ ಗುಂಡಿ ಮುಟ್ಟಬಾರದು. ಕೈಯಲ್ಲಿರುವ ಮುರುಕನ್ನು ಹಿಡಿದುಕೊಂಡೇ ಓಡಬೇಕು, ಹಾರಬೇಕು. ಎಲ್ಲಕ್ಕಿಂತ ಮೊದಲು ಮುರಿದದ್ದು ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಅದರ ಪಟ್ಟಿಯ ಮೇಲೆ ಕಣ್ಣಿಟ್ಟಿರಬೇಕು. ವೀಟಾದ ಪರದೆ ಐದು ಅಂಗುಲದ್ದು, ಪಟ್ಟಿಗಳು ಚಿಕ್ಕವು, ಚೆರ್ರಿ ಹೂವು ಉದುರುವ ಹಿನ್ನೆಲೆಯಲ್ಲಿ ಕಣ್ಣು ತಪ್ಪುವುದು ಸಹಜ. ಇಯರ್‌ಫೋನ್ ಹಾಕಿಕೊಂಡು ಆಡಿದರೆ ಸದ್ದಿನ ಸುಳಿವೂ ಜೊತೆಗಿರುತ್ತದೆ.

ಯಾವ ಮೂರು ಕತ್ತಿ

ಆಟದಲ್ಲಿ ಒಟ್ಟು 108 ಕತ್ತಿಗಳಿವೆ. ಕೆಲವು ದೊಡ್ಡ ಎದುರಾಳಿಗಳನ್ನು ಗೆದ್ದಾಗ ಸಿಗುತ್ತವೆ, ದಾರಿ ಮುಚ್ಚಿದ ಬಣ್ಣದ ತಡೆಗಳನ್ನು ಕಡಿಯಲು ಅವು ಬೇಕೇ ಬೇಕು. ಮಿಕ್ಕವನ್ನು ಮಾಡಿಸಿಕೊಳ್ಳಬೇಕು. ಮಾಡಿಸಬಹುದಾದ ಕತ್ತಿಗಳ ಯಾದಿ ಮರದ ಕೊಂಬೆಗಳಂತೆ ಹರಡಿದೆ. ಹಿಂದಿನ ಕತ್ತಿ ಇಲ್ಲದೆ ಮುಂದಿನದು ತೆರೆಯದು. ಬೆಲೆ ಎರಡು ಬಗೆಯದು. ಒಂದು, ಕೊಂದವರಿಂದಲೂ ದಾರಿಯಲ್ಲೂ ಸಿಗುವ ಆತ್ಮಗಳು. ಇನ್ನೊಂದು, ಊಟದಿಂದ ಬರುವ ಚೈತನ್ಯ. ಆತ್ಮ ರಾಶಿ ಬಿದ್ದಿದ್ದರೂ ಕತ್ತಿ ಮಾಡಿಸಲಾಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಹೆಚ್ಚಾಗಿ ಊಟ ಬಿಟ್ಟವರೇ. ಹಾಗಾಗಿ ಸೋಬಾ ಅಂಗಡಿಗೆ ಹೋಗಲೇಬೇಕು, ಆದರೆ ಜಗಳ ಮುಗಿಸಿದ ಮೇಲೆ, ಜೀವ ಇಳಿದಿರುವಾಗ. ಒಂದೇ ಬಟ್ಟಲಿಗೆ ಗಾಯವೂ ವಾಸಿ, ಚೈತನ್ಯವೂ ಜಮಾ. ಹೊಸ ಜಾಗಕ್ಕೆ ಕಾಲಿಡುವ ಮುಂಚೆ ಹೊಟ್ಟೆಯ ಪಟ್ಟಿ ಅರ್ಧಕ್ಕಿಂತ ಕೆಳಗಿರಲಿ. ಬರೀ ಜೀವ ತುಂಬಿಸಿಕೊಳ್ಳಬೇಕೆಂದರೆ ಬಿಸಿನೀರಿನ ಬುಗ್ಗೆಗಳಿವೆ, ಅವು ಹೊಟ್ಟೆಯನ್ನು ತುಂಬಿಸುವುದಿಲ್ಲ.

ಪ್ರತಿ ಕತ್ತಿ ಧರಿಸಲು ಬಲ ಮತ್ತು ದೇಹಶಕ್ತಿಯ ಕನಿಷ್ಠ ಮಟ್ಟವಿದೆ. ಕೊಂಬೆಯ ತುದಿಯ ಕತ್ತಿಗೆ ಆತುರಪಟ್ಟು ಖರ್ಚು ಮಾಡಿದರೆ ಅದು ಪೆಟ್ಟಿಗೆಯಲ್ಲೇ ಕೂರುತ್ತದೆ. ಈ ಪ್ರಕರಣದ ಆಟಗಾರ ದಾಳಿಯ ಅಂಕಿಯನ್ನಷ್ಟೇ ನೋಡಿ ಆರಿಸಿದ್ದ, ಎರಡು ತಾಚಿಗಳ, ಅಂದರೆ ಓದಾಚಿಗಿಂತ ಚಿಕ್ಕ ಕತ್ತಿಗಳ, ಗುಪ್ತವಿದ್ಯೆ ಒಂದೇ ತರದ್ದಾಗಿತ್ತು. ಸುತ್ತಿಸಿ ಆಡುವಾಗ ಪ್ರತಿ ಬದಲಾವಣೆಗೂ ಬೇರೆ ಕೆಲಸ ಸಿಗಬೇಕು: ಒಂದು ತಾಚಿಯಲ್ಲಿ ದೂರಕ್ಕೆ ಹೋಗುವ ವಿದ್ಯೆ, ಇನ್ನೊಂದರಲ್ಲಿ ಸುತ್ತಲೂ ಕಡಿಯುವಂಥದ್ದು, ಮೂರನೆಯದು ಓದಾಚಿ. ಓದಾಚಿಯನ್ನು ಗುಂಪಿನ ನಡುವೆ ಎಳೆಯಬಾರದು, ಎದುರಿಗೆ ಒಬ್ಬನೋ ಇಬ್ಬರೋ ಉಳಿದಾಗ ಅದರ ನಿಧಾನ ಅಷ್ಟಾಗಿ ಕಾಡದು. ಎರಡು ಓದಾಚಿ ಇಟ್ಟುಕೊಳ್ಳುವವರೂ ಇದ್ದಾರೆ. ಕೈ ಪಳಗಿದ ಮೇಲಿನ ಮಾತು ಅದು.

ಒರೆಯೇ ಏಕೆ

ಕತ್ತಿಯನ್ನು ಒರೆಗೆ ಕಳಿಸಿದರೆ ಬಲ ಬರುತ್ತದೆ ಎಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ ಅನ್ನಿಸುತ್ತದೆ. ಮುರಾಮಸ ನಿಜವಾಗಿ ಇದ್ದ ಕಮ್ಮಾರ. ಇಸೆ ಪ್ರಾಂತ್ಯದ ಕುವಾನಾದಲ್ಲಿ ಅವನ ಕುಲುಮೆ. ಅವನ ಕತ್ತಿ ಒಮ್ಮೆ ಹೊರಬಂದರೆ ರಕ್ತ ಕಾಣದೆ ಒರೆಗೆ ಮರಳದು ಎಂಬ ಪ್ರತೀತಿ ಬೆಳೆಯಿತು. ತೊಕುಗಾವಾ ಮನೆತನಕ್ಕೆ ಅವು ಶಾಪ ಎಂಬ ಕಥೆಯೂ ಹಬ್ಬಿತು; ಆ ಮನೆತನದ ಮೊದಲ ಶೋಗುನ್ ಇಎಯಾಸುವಿನ ಅಜ್ಜ ಕಿಯೋಯಾಸು 1535ರಲ್ಲಿ ತನ್ನವನ ಕೈಯಿಂದಲೇ ಸತ್ತದ್ದು ಮುರಾಮಸ ಕತ್ತಿಯಿಂದ ಎಂದು ಹೇಳುತ್ತಾರೆ. ಆ ತೊಕುಗಾವಾಗಳದೇ ಆಳ್ವಿಕೆಯಲ್ಲಿ ಆಟ ನಡೆಯುತ್ತದೆ. ರಕ್ತಕ್ಕೆ ಹಾತೊರೆಯುವ ಕತ್ತಿಯನ್ನು ಆಗಾಗ ಒರೆಗೆ ಅಟ್ಟುವವನೇ ಬದುಕುತ್ತಾನೆ, ಅಟ್ಟದವನ ಕೈಯಲ್ಲೇ ಅದು ಮುರಿಯುತ್ತದೆ. ದಂತಕಥೆಯನ್ನು ಪರಿಚಯದ ಅಕ್ಷರಗಳಲ್ಲಿ ಓದಿಸಿ ಮುಗಿಸುವ ಆಟಗಳೇ ಹೆಚ್ಚು. ಇಲ್ಲಿ ಅದು ಬೆರಳಿಗೆ ಬಂದು ಕೂತಿದೆ.

ಕನ್ನಡ ಓದುಗರಿಗೆ ಕೆಲವು ಹೆಸರು ದೂರದವಲ್ಲ. ‘ಶುರಾ’ ಎಂದರೆ ನಮ್ಮ ಅಸುರ. ಬೌದ್ಧಧರ್ಮದ ಜೊತೆ ಚೀನಾ ಹಾದು ಜಪಾನಿಗೆ ಹೋಗಿ, ಎಡೆಬಿಡದೆ ಕಾದಾಡುವ ಲೋಕದ ಹೆಸರಾಯಿತು. ‘ನರಾಕು’ ನರಕ, ‘ಎನ್ಮಾ’ ಯಮ, ಕತ್ತಿ ಹಿಡಿದು ಬೆಂಕಿಯ ನಡುವೆ ಕೂರುವ ದೇವತೆ ಫುದೊ ಮ್ಯೋಓ ಸಂಸ್ಕೃತದ ಅಚಲ. 108 ಸಂಖ್ಯೆಯೂ ಅದೇ ದಾರಿಯಲ್ಲಿ ಹೋದದ್ದು. ಅಲ್ಲಿ ಅದು 108 ಕ್ಲೇಶಗಳ ಲೆಕ್ಕ, ವರ್ಷದ ಕೊನೆಯ ರಾತ್ರಿ ದೇವಾಲಯದ ಗಂಟೆ ಅಷ್ಟೇ ಸಲ ಬಾರಿಸುತ್ತಾರೆ.

ಈಗ ಹುಡುಕಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ವೀಟಾದ ಆಟದ ಕಾರ್ಡುಗಳಿಗೆ ದೇಶದ ಕಟ್ಟುಪಾಡಿಲ್ಲ, ಯಾವ ದೇಶದ ಕಾರ್ಡಾದರೂ ಯಂತ್ರದಲ್ಲಿ ಓಡುತ್ತದೆ. ಆದರೆ ‘ಗೆನ್ರೊಕು’ ಹೆಸರಿನ ನಾಲ್ಕು ಹೆಚ್ಚುವರಿ ಕಥೆಗಳನ್ನು ಬೇರೆಯಾಗಿ ಕೊಳ್ಳಬೇಕು, ಅವು ಕಾರ್ಡು ಯಾವ ಪ್ರದೇಶದ್ದೋ ಅದೇ ಪ್ರದೇಶದ ಅಂಗಡಿಯ ಖಾತೆಯಿಂದ ಆಗಬೇಕು. ಅಮೆರಿಕದ ಕಾರ್ಡಿಗೆ ಜಪಾನಿನ ಕಥೆ ಅಂಟುವುದಿಲ್ಲ. ಅವುಗಳಲ್ಲಿ ಗೊನ್ಬೆ ಎಂಬ ರೈತನ ಕಥೆಯನ್ನಂತೂ ಬಿಡಬಾರದು. ತೆರಿಗೆಯ ವಿರುದ್ಧ ಎದ್ದುನಿಲ್ಲುವ ಅವನ ಕೈಯಲ್ಲಿರುವುದು ಕತ್ತಿಯಲ್ಲ, ಗುದ್ದಲಿ ಕುಡುಗೋಲು.

ಸುತ್ತಿಸುವ ಲಯ ಕೈಗೆ ಬಂದಿದೆಯೇ ಎಂದು ನೋಡಲು ಆಟವೇ ಒಂದು ಪರೀಕ್ಷೆ ಇಟ್ಟಿದೆ. ಕಥೆ ಮುಗಿಸಿದ ಮೇಲೆ ‘ಶಿಗುರುಯ್’ ಎಂಬ ಮಟ್ಟ ತೆರೆಯುತ್ತದೆ. ಅಲ್ಲಿ ಆಟಗಾರನ ಜೀವ 1, ಆಟ ಮುಗಿಯುವ ತನಕ ಒಂದೇ. ತಡೆಯದೆ ಉಳಿದ ಒಂದು ಕುನೈ ಸಾಕು. ಆ ಮಟ್ಟದಲ್ಲಿ ಕತ್ತಿಗಳ ಮೂರು ಪಟ್ಟಿಗಳೇ ಆಟಗಾರನ ಜೀವಪಟ್ಟಿ, 40ಕ್ಕೆ ಬದಲಿಸುವುದನ್ನು 50ಕ್ಕೆ ಏರಿಸಿಕೊಳ್ಳಬೇಕು.